ಒಂದು ‘ಆಚೆ’ಯ ಬೆನ್ನು ಹತ್ತಿ ಹಾರ್ಲೆಮ್‌ಗೆ

ಬೆಳಿಗ್ಗೆ ಒಂಬತ್ತಕ್ಕೆ ಬರಬೇಕಿದ್ದ ರೈಲು ಒಂಬತ್ತೂವರೆಯಾದರೂ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್ ನಿಲ್ದಾಣಕ್ಕೆ ಬಂದಿರಲಿಲ್ಲ. ಫೆಬ್ರವರಿಯ ಶನಿವಾರ. ಹಿಂದಿನ ವಾರ ಬಿದ್ದ ಹಿಮ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ಹಾಲು ತರಲೂ ಕಾರು ತೆಗೆಯುವ ಊರು ನಮ್ಮದು, ರೈಲಿಗೆ ಕಾದು ನಿಂತವನು ನಾನೊಬ್ಬನೇ. “ಡ್ರೈವ್ ಮಾಡಿ ಅಂದೆ, ಕೇಳಿದ್ರಾ? ಈಗ ನಡುಗ್ತಾ ನಿಂತ್ಕೊಳ್ಳಿ,” ಎಂದು ಹೆಂಡತಿ ಸುಧಾ ಫೋನಿನಲ್ಲಿ ಹೇಳಿದಳು. ಹಾರ್ಲೆಮ್‌ನಲ್ಲಿ ಪಾರ್ಕಿಂಗ್ ಹುಡುಕುವುದಕ್ಕಿಂತ ನಡುಗುವುದೇ ವಾಸಿ ಎಂದು ಫೋನಿಟ್ಟೆ.

ನಾನು ಹೊರಟಿದ್ದು ನ್ಯೂಯಾರ್ಕಿನ ಆ ಹಾರ್ಲೆಮ್ ಬಡಾವಣೆಯ ಒಂದು ಕಿರುಚಿತ್ರೋತ್ಸವಕ್ಕೆ. ಆಫ್ರಿಕಾ ಮೂಲದ ಜನ ಲೋಕದ ಯಾವ ಯಾವ ಮೂಲೆಯಲ್ಲಿ ನೆಲೆಸಿದ್ದಾರೋ ಆ ಎಲ್ಲ ಕಡೆಯ ಕಥೆಗಳನ್ನು ಅಲ್ಲಿ ತೋರಿಸುತ್ತಾರೆ. ದೊಡ್ಡವರ ಹಂಗಿಲ್ಲದೆ ನಾಲ್ಕಾರು ಜನ ಸೇರಿ ನಡೆಸುವ ಉತ್ಸವ. ಈ ಸಲ ಅದರಲ್ಲಿ ಹನ್ನೊಂದು ನಿಮಿಷದ ಕನ್ನಡ ಚಿತ್ರವೊಂದಿತ್ತು. ಮಾಡಿದವಳು ರೇಣುಕಾ, ಯಲ್ಲಾಪುರದ ಕಡೆಯ ಸಿದ್ದಿಯರ ಹುಡುಗಿ. ಅವಳ ಪೂರ್ವಿಕರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ನಮ್ಮ ಕಡಲತೀರಕ್ಕೆ ತಂದಿದ್ದರು. ಈಗ ನ್ಯೂವಾರ್ಕಿನಲ್ಲಿದ್ದುಕೊಂಡು ಸಿನಿಮಾ ಓದುತ್ತಿದ್ದಾಳೆ.

ಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಬರೆದವನು ನಾನು. ಕನ್ನಡ ಸಂಘದ ಸ್ಮರಣ ಸಂಚಿಕೆಯ ಕರಡು ತಿದ್ದುತ್ತೇನೆಂಬ ಒಂದೇ ಕಾರಣಕ್ಕೆ ನಮ್ಮವರೆಲ್ಲ ನನ್ನನ್ನು ಪಂಡಿತನೆಂದು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಚಿತ್ರದ ಹೆಸರು ‘ಸಂಕ’. ಹಾಗೆಂದರೆ ಹಳ್ಳ ದಾಟಲು ಹಾಕಿದ ಮರದ ಕಾಲುಸೇತುವೆ ಎಂದು ಮೈಸೂರಿನವನಾದ ನನಗೆ ಗೊತ್ತಿರಲಿಲ್ಲ, ಕೇಳಿ ತಿಳಿದುಕೊಂಡೆ. ಉಳಿದದ್ದೆಲ್ಲ ಗೊತ್ತಿತ್ತು, ಆದ್ದರಿಂದ ಕೇಳಲಿಲ್ಲ. ಕಳಿಸಬೇಕಾದ ಕೊನೆಯ ದಿನ ಅವಳಿಗೆ ಪರೀಕ್ಷೆ ಇತ್ತೆಂದು ಬರೆದದ್ದನ್ನು ಅವಳಿಗೂ ತೋರಿಸದೆ ಉತ್ಸವದವರಿಗೆ ಕಳಿಸಿಬಿಟ್ಟಿದ್ದೆ.

ನ್ಯೂವಾರ್ಕಿನಲ್ಲಿ ರೈಲು ಬದಲಿಸಬೇಕಿತ್ತು. ರೇಣುಕಾ ಅಲ್ಲೇ ಬಂದು ಸೇರಿಕೊಂಡಳು. ಹಳಿ ದುರಸ್ತಿಯೆಂದು ಇನ್ನೂ ನಲವತ್ತು ನಿಮಿಷ ಕಾಯಿಸಿದರು. ಬ್ರಿಡ್ಜ್‌ವಾಟರಿನಿಂದ ನ್ಯೂಯಾರ್ಕಿಗೆ ಹದಿನೇಳು ಡಾಲರಿನ ಆಸುಪಾಸು ಟಿಕೆಟ್. ಅಷ್ಟು ಕೊಟ್ಟರೂ ನಾವು ಹತ್ತಿದ ಬೋಗಿಯಲ್ಲಿ ಹೀಟರ್ ಕೆಟ್ಟಿತ್ತು. ಸುಧಾ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಣ್ಣಗೆ ಕಲ್ಲಾಗಿತ್ತು. ನಾನು ರೈಲಿನವರನ್ನು ಬೈಯುತ್ತ ಅದನ್ನೇ ತಿನ್ನುತ್ತಿದ್ದೆ. ರೇಣುಕಾ ಫೋನಿನಲ್ಲಿ ಉತ್ಸವದ ಕಾರ್ಯಕ್ರಮ ಪಟ್ಟಿ ಓದುತ್ತಿದ್ದವಳು ಥಟ್ಟನೆ ಅದನ್ನು ನನ್ನ ಮುಂದೆ ಹಿಡಿದಳು.

“ಅಂಕಲ್, ಇದೆಂತ ಇದು?”

ಅವಳ ಚಿತ್ರದ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ನನ್ನದೇ ಒಂದು ಸಾಲು ಹಾಕಿದ್ದರು: ‘ವಿ ಆರ್ ಔಟ್‌ಸೈಡರ್ಸ್.’

“ಸಿನಿಮಾದಲ್ಲಿ ನಿಮ್ಮಜ್ಜಿ ಹೇಳೋ ಮಾತಲ್ವಾ? ನಾವು ಆಚೆಯವ್ರು ಅಂತ.”

“ಆಚೆಯವ್ರು ಅಂದ್ರೆ ಹಳ್ಳದ ಆಚೆಯವ್ರು, ಅಂಕಲ್. ಆಚೆ ದಡದವ್ರು. ಸಂಕ ದಾಟಿದ್ರೆ ನಮ್ಮನೆ. ಕೈ ಮಾಡಿ ತೋರಿಸ್ತಾಳಲ್ಲ!”

ತೋರಿಸುತ್ತಾಳೆ, ನಾನೂ ನೋಡಿದ್ದೆ. ಆ ಕೈ ಕಡಲಿನಾಚೆಯ ಆಫ್ರಿಕಾವನ್ನು ತೋರಿಸುತ್ತಿದೆ ಎಂದು ನನ್ನ ಪಾಂಡಿತ್ಯ ಅರ್ಥ ಮಾಡಿಕೊಂಡಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಅದನ್ನೇ ಮಾಡಿದೆ. “ನಮ್ಮ ಕಡೆ ಆಚೆ ಅಂದ್ರೆ ಹೊರಗೆ ಅಂತ ಅರ್ಥ ಕಣಮ್ಮ. ಆಚೆ ಹೋಗು ಅಂತೀವಲ್ಲ, ಹಾಗೆ.”

“ನಿಮ್ಮ ಕಡೆ ಪಕ್ಕದ ಮನೆಗೆ ಎಂತ ಹೇಳ್ತೀರಿ?”

“ಆಚೆ ಮನೆ,” ಎಂದೆ. ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು.

ಅವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ಅಜ್ಜಿಗೆ ಎಪ್ಪತ್ತು ವರ್ಷದಿಂದ ಅದೇ ಪ್ರಶ್ನೆ, ಅಂಕಲ್. ಬಸ್ಸಲ್ಲಿ, ಆಸ್ಪತ್ರೇಲಿ, ರೇಷನ್ ಅಂಗಡೀಲಿ. ನೀವು ಎಲ್ಲಿಯವ್ರು, ಎಲ್ಲಿಯವ್ರು. ಅವಳು ಕೊಡೋ ಉತ್ತರ ಅದೊಂದೇ. ಅದನ್ನ ಕೇಳಿಸ್ಲಿಕ್ಕೇ ಸಿನಿಮಾ ಮಾಡಿದ್ದು.”

ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಿಂದ ಸಬ್‌ವೇಗೆ ಮೂರು ಡಾಲರ್. ಎಕ್ಸ್‌ಪ್ರೆಸ್ ಆಗಬೇಕಿದ್ದ ಗಾಡಿ ಅಂದು ಎಲ್ಲ ನಿಲ್ದಾಣದಲ್ಲೂ ನಿಂತಿತು. ನೂರ ಇಪ್ಪತ್ತೈದನೇ ಬೀದಿಯಲ್ಲಿ ಮೇಲೆ ಬಂದಾಗ ಗಾಳಿ ಕಿವಿ ಕೊಯ್ಯುತ್ತಿತ್ತು. ಉತ್ಸವ ನಡೆಯುತ್ತಿದ್ದದ್ದು ಹಳೆಯ ಇಟ್ಟಿಗೆ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಮಡಿಸುವ ಕುರ್ಚಿಗಳು ನೂರಿದ್ದಾವು, ಜನ ನೂರೈವತ್ತು.

ವ್ಯವಸ್ಥಾಪಕಿಯನ್ನು ಹುಡುಕಿ ಹಿಡಿದೆ. ಕಿವಿಗೆ ಒಂದು ಯಂತ್ರ, ಕೈಯಲ್ಲಿ ಎರಡು ಫೋನು. ಒಂದು ಸಾಲು ಬದಲಿಸಬೇಕು ಎಂದರೆ, ಅಕ್ಷರಗಳು ಚಿತ್ರದ ಮೇಲೇ ಅಚ್ಚಾಗಿವೆ, ಈಗ ಏನೂ ಆಗದು ಎಂದಳು. ನಿಜವೇ. ಚಿತ್ರಕ್ಕೆ ಮುಂಚೆ ವೇದಿಕೆಯಿಂದ ತಿದ್ದುಪಡಿ ಹೇಳಿಸುತ್ತೇನೆ ಎಂದು ಮಾತು ಕೊಟ್ಟಳು. ನಾನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಅದು ಅವಳ ಕೋಟಿನ ಜೇಬಿಗೆ ಹೋಯಿತು.

ಕಾರ್ಯಕ್ರಮ ಒಂದೂಕಾಲು ಗಂಟೆ ತಡವಾಗಿ ನಡೆಯುತ್ತಿತ್ತು. ನಮ್ಮ ಸಂಘದ ರಾಜ್ಯೋತ್ಸವವೇ ಇದಕ್ಕಿಂತ ವಾಸಿ ಎಂದು ಮೊದಲ ಬಾರಿಗೆ ಅನ್ನಿಸಿತು. ಊಟಕ್ಕೆ ಪಶ್ಚಿಮ ಆಫ್ರಿಕಾದ ಜೊಲೊಫ್ ಅನ್ನವಿತ್ತು. ನಮ್ಮ ಟೊಮ್ಯಾಟೊ ಬಾತಿಗೆ ಖಾರದಲ್ಲಿ ಅಣ್ಣನಾಗಬೇಕು. ತುಂಬ ಚೆನ್ನಾಗಿತ್ತು. ರೇಣುಕಾ ತಟ್ಟೆಯನ್ನೇ ಮುಟ್ಟಲಿಲ್ಲ.

ಮಧ್ಯಾಹ್ನದ ಮೂರನೇ ಚಿತ್ರ ಅವಳದು. ತಡವಾಯಿತೆಂದು ಪರಿಚಯದ ಮಾತುಗಳನ್ನೆಲ್ಲ ಹಾರಿಸಿ ದೀಪ ಆರಿಸಿಯೇಬಿಟ್ಟರು. ಚೀಟಿ ಜೇಬಿನಲ್ಲೇ ಉಳಿಯಿತು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಕೂತೆ. ತೆರೆಯ ಮೇಲೆ ಅಜ್ಜಿ ಅಕ್ಕಿಯ ಚೀಲ ಹೊತ್ತು ಹಳ್ಳದ ಬದಿಗೆ ಬಂದಳು, ನಿಂತಳು, ಕ್ಯಾಮೆರಾ ನೋಡಿದಳು. “ಎಲ್ಲಿಯವ್ರು, ಎಲ್ಲಿಯವ್ರು ಅಂತ ಕೇಳ್ತಾರೆ. ಎಂತ ಹೇಳೂದು? ನಾವು ಆಚೆಯವ್ರು.”

ಕೆಳಗೆ ನನ್ನ ಸಾಲು ಬಂತು. ಸಭೆಯಲ್ಲಿ ಅಯ್ಯೋ ಎನ್ನುವಂಥ ನಿಟ್ಟುಸಿರೊಂದು ಎದ್ದಿತು. ಪಕ್ಕದಲ್ಲಿ ರೇಣುಕಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಾನು ಎದ್ದು ನಿಂತೆ. ಅಷ್ಟು ಜನರ ಮುಂದೆ ಇಂಗ್ಲಿಷಿನಲ್ಲಿ ಕೂಗಿದೆ: “ಅದು ತಪ್ಪು! ಆಕೆ ಹಾಗೆ ಹೇಳಲೇ ಇಲ್ಲ. ನಮ್ಮ ಮನೆ ಹಳ್ಳದ ಆ ಬದಿಗೆ ಅನ್ನುತ್ತಿದ್ದಾಳೆ. ತಪ್ಪು ಬರೆದವನು ನಾನು.” ಯಾರೋ ಕೂತುಕೊಳ್ಳಯ್ಯಾ ಎಂದು ಗದರಿದರು. ಅಷ್ಟರಲ್ಲಿ ಅಜ್ಜಿ ಸಂಕ ದಾಟಿ, ಆಚೆ ದಡದ ತನ್ನ ಮನೆಯ ಬಾಗಿಲು ತೆಗೆದಳು. ಮೊದಲು ಒಬ್ಬರು ನಕ್ಕರು, ಆಮೇಲೆ ಇಡೀ ನೆಲಮಾಳಿಗೆ ನಕ್ಕಿತು. ಅಜ್ಜಿ ಪ್ರಶ್ನೆ ಕೇಳಿದವರನ್ನೇ ಗೇಲಿ ಮಾಡಿದ್ದಾಳೆಂದು ಅವರಿಗೆ ತಿಳಿದಿತ್ತು. ನನಗೆ ಮಾತ್ರ ಮೂರು ವಾರ ಆ ಚಿತ್ರದ ಜೊತೆ ಕೂತರೂ ತಿಳಿದಿರಲಿಲ್ಲ.

ಚಿತ್ರ ಮುಗಿದ ಮೇಲೆ ನನ್ನ ಹಿಂದಿನ ಸಾಲಿನಲ್ಲಿದ್ದ ಹಳದಿ ಟೋಪಿಯ ಮುದುಕಿಯೊಬ್ಬರು ಭುಜ ತಟ್ಟಿದರು. ಹುಟ್ಟಿದ್ದು ಟ್ರಿನಿಡಾಡಿನಲ್ಲಂತೆ.

“ನಿಮ್ಮ ಭಾಷೆಯಲ್ಲಿ ಆ ಮಾತಿಗೆ ಎರಡೂ ಅರ್ಥ ಉಂಟೋ?” ಎಂದು ಕೇಳಿದರು.

“ಉಂಟು.”

“ಎರಡರಲ್ಲಿ ಹೊರಗಿನವರು ಅನ್ನುವುದನ್ನೇ ಯಾಕೆ ಆರಿಸಿದಿರಿ?”

ಜಗಳದ ದನಿಯಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದರು.

ವಾಪಸು ಹೊರಟಾಗ ಇನ್ನೂ ಸಂಜೆಯ ಬೆಳಕಿತ್ತು. ರೈಲು ಹೊತ್ತಿಗೆ ಸರಿಯಾಗಿ ಬಂತು, ಹೀಟರೂ ಉರಿಯುತ್ತಿತ್ತು. ಬೈಯಲು ಏನೂ ಉಳಿದಿರಲಿಲ್ಲ. ಸುರಂಗ ದಾಟಿ ನ್ಯೂಜೆರ್ಸಿಯ ಜೌಗು ಬಯಲಿಗೆ ಬಂದ ಮೇಲೆ ಹೇಳಿಬಿಟ್ಟೆ: “ರೇಣುಕಾ, ಅದು ಮೈಸೂರು ಕನ್ನಡದ ತಪ್ಪಲ್ಲಮ್ಮ. ನಿಮ್ಮಜ್ಜಿ ಮುಖ ನೋಡಿದ ಕೂಡ್ಲೇ ಅವರು ಹಾಗೇ ಹೇಳ್ತಾರೆ ಅಂತ ಮನಸ್ಸಲ್ಲೇ ತೀರ್ಮಾನ ಮಾಡ್ಬಿಟ್ಟಿದ್ದೆ. ತುಂಬ ನಾಚಿಕೆ ಆಗ್ತಿದೆ.”

“ಗೊತ್ತಾಯ್ತು ಅಂಕಲ್,” ಎಂದಳು. “ಬೆಳಿಗ್ಗೆ ರೈಲಲ್ಲೇ ಗೊತ್ತಾಯ್ತು.”

ನ್ಯೂವಾರ್ಕ್ ಬಂತು. ಅವಳು ಇಳಿಯಲು ಎದ್ದಾಗ, ಮುಂದಿನ ಪ್ರದರ್ಶನದ ಹೊತ್ತಿಗೆ ಸಬ್‌ಟೈಟಲ್ ಪೂರ್ತಿ ತಿದ್ದಿ ಕೊಡುತ್ತೇನೆ, ಈ ಸಲ ಸಾಲು ಸಾಲೂ ನಿನ್ನನ್ನು ಕೇಳಿಯೇ ಬರೆಯುತ್ತೇನೆ ಎಂದೆ.

“ಬೇಡ ಅಂಕಲ್, ನಾನೇ ಬರೀತೇನೆ,” ಎಂದಳು. ಸಿಟ್ಟಿನಿಂದಲ್ಲ. ಬಿಸಿ ಪಾತ್ರೆಗೆ ಕೈ ಹಾಕಹೊರಟ ಮಗುವನ್ನು ತಡೆದಷ್ಟೇ ಮೆತ್ತಗೆ. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು, ಬರ್ತೇನೆ ಎಂದು ಹೇಳಿ ಇಳಿದು ಹೋದಳು.