ಹಳ್ಳದಿಂದ ಎಬ್ಬಿಸುತ್ತಿದ್ದ ಮುತ್ಯಾ

ತೊಯ್ದ ಉಸುಕಿನ ವಾಸನೆ ಬಂತು. ಮಳೆ ಬಂದಿರಲಿಲ್ಲ, ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ. ದೂರದ ಹೊಳೆಯ ನೀರನ್ನು ಪಂಪಿನಿಂದ ಎತ್ತಿ, ಕಾಲುವೆಯಲ್ಲಿ ಹರಿಸಿ, ನಮ್ಮ ಉಟಗಿಯ ಒಣ ಹಳ್ಳಕ್ಕೆ ಬಿಡುತ್ತಾರೆ ಎಂದು ಊರಿಗೆ ಊರೇ ದಂಡೆಗೆ ಬಂದು ನಿಂತಿತ್ತು. ನೀರು ಇನ್ನೂ ಮೇಲಿನ ತಿರುವಿನಲ್ಲಿತ್ತು. ಅದರ ವಾಸನೆ ಮಾತ್ರ ಗಾಳಿಯ ಜೊತೆ ಮುಂದೆ ಬಂದಿತ್ತು.

ಎಲ್ಲರ ಮುಖದಲ್ಲೂ ನಗೆ. ನಾನು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದೆ. ಆ ವಾಸನೆಯನ್ನು ಹಿಂದೆ ಒಮ್ಮೆ, ಇಲ್ಲಿಂದ ಬಹಳ ದೂರದಲ್ಲಿ, ಒಂದು ಗಿಡವೂ ಬೆಳೆಯದಷ್ಟು ಎತ್ತರದ ಬೆಟ್ಟದ ದಾರಿಯಲ್ಲಿ ಮೂಸಿದ್ದೆ… ಪಕ್ಕದ ಮನೆಯ ಮುತ್ಯಾನ ಜೊತೆ.

ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ಅವನೇನು ನನ್ನ ರಕ್ತಸಂಬಂಧಿಯಲ್ಲ. ನಮ್ಮ ತವರುಮನೆಯ ಗೋಡೆಗೆ ಗೋಡೆ ಹತ್ತಿದ ಮನೆ ಅವನದು, ಕುರಿ ಸಾಕುವ ಮಂದಿ. ಊರಿನಲ್ಲಿ ಅವನಿಗೊಂದು ದೊಡ್ಡ ಹೆಸರಿತ್ತು: ಮಳೆ ಯಾವಾಗ ಬರುತ್ತದೆ ಎಂದು ಹೇಳುತ್ತಿದ್ದ. ಬೆಳಿಗ್ಗೆ ಎದ್ದು ಹೆಗಲ ಮೇಲಿನ ಕರಿ ಕಂಬಳಿಯ ತುದಿಯನ್ನು ಮೂಗಿಗೆ ಹಿಡಿದು ಮೂಸುತ್ತಿದ್ದ. ಉಣ್ಣೆ ಗಾಳಿಯ ಹಸಿಯನ್ನು ಮೊದಲು ಹೀರುತ್ತದೆ ಎನ್ನುವುದು ಅವನ ಲೆಕ್ಕ. ದ್ರಾಕ್ಷಿ ಒಣಹಾಕುವವರು, ಕಣ ಮಾಡುವವರು, ಮದುವೆಗೆ ಹಂದರ ಹಾಕುವವರು ಎಲ್ಲರೂ ಅವನ ಕಟ್ಟೆಗೆ ಬಂದು ಕೇಳಿಕೊಂಡೇ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು. ರೇಡಿಯೋದವರ ಮಾತು ಸುಳ್ಳಾದರೆ ನಮ್ಮೂರವರು ನಗುತ್ತಿದ್ದರು. ಮುತ್ಯಾನ ಮಾತು ಸುಳ್ಳಾದರೆ ಮಳೆಯದೇ ತಪ್ಪು ಎನ್ನುತ್ತಿದ್ದರು.

ಅವನ ಹೆಂಡತಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅಜ್ಜಿಗೆ ನಮ್ಮಲ್ಲಿ ಹಾಗೇ ಕರೆಯುವುದು. ಸಣ್ಣ ಆಳು, ದೊಡ್ಡ ಬಾಯಿ. ಗಂಡನ ಕೀರ್ತಿಗೆ ಮಣಿಯದವಳು ಊರಿನಲ್ಲಿ ಅವಳೊಬ್ಬಳೇ. “ಮುಗಲಾಗಿಂದು ತಿಳಿತದರಿ ಇವರಿಗಿ, ಮನ್ಯಾಗ ಉಪ್ಪ ತೀರಿದ್ದು ತಿಳಿಯಂಗಿಲ್ಲ” ಎಂದು ಬಂದವರೆದುರೇ ಹೇಳುತ್ತಿದ್ದಳು. ಮುತ್ಯಾ ಕೇಳಿಯೂ ಕೇಳದವನ ಹಾಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅಮಾವಾಸ್ಯೆಗೊಮ್ಮೆ ಅವಳು ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದೇ ಹೋಗುತ್ತಿದ್ದಳು. ಬರುವಾಗ ನನಗೆ ಒಂದು ಮುಷ್ಟಿ ಚುರಮುರಿ ತಪ್ಪದೇ ತರುತ್ತಿದ್ದಳು. ನನಗೆ ಹೆತ್ತಜ್ಜಿಯ ನೆನಪಿಲ್ಲ, ಅಜ್ಜಿ ಎಂದರೆ ಕಣ್ಣ ಮುಂದೆ ಬರುವುದು ಇವಳೇ.

ಮದುವೆಯಾದ ಮೇಲೆ ನಾನು ಹಿಮಾಚಲದ ಒಂದು ಪೇಟೆಗೆ ಹೋದೆ. ಕೇಳಿದವರು ಹುಬ್ಬೇರಿಸುತ್ತಾರೆ, ಆದರೆ ನಮ್ಮ ಸಾಂಗಲಿ ಜಿಲ್ಲೆಯ ಮಂದಿಗೆ ಇದು ಹೊಸದಲ್ಲ. ಹಳೆಯ ಬಂಗಾರ ಕರಗಿಸಿ ಶುದ್ಧ ಮಾಡಿಕೊಡುವ ಗಲಾಯಿ ಅಂಗಡಿ ಇಟ್ಟುಕೊಂಡು ನಮ್ಮವರು ದೇಶದ ಮೂಲೆಮೂಲೆಗೂ ಹೋಗಿದ್ದಾರೆ. ನನ್ನ ಗಂಡನದೂ ಅದೇ ಕೆಲಸ. ಅಲ್ಲಿ ಕನ್ನಡ ಮಾತಾಡಲು ನನಗೆ ಸಿಗುತ್ತಿದ್ದುದು ಗಂಡ ಮತ್ತು ಫೋನು, ಎರಡೇ. ಹಾಗಿರುವಾಗ ಒಂದು ಬೇಸಿಗೆಯ ಕೊನೆಗೆ ಮುತ್ಯಾ ಮತ್ತು ಆಯಿ ರೈಲು ಹತ್ತಿ, ಬಸ್ಸು ಹತ್ತಿ, ಜೋಳದ ಹಿಟ್ಟು, ಶೇಂಗಾ ಚಟ್ನಿ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತಾಗ ನಾನು ಅತ್ತುಬಿಟ್ಟೆ.

ಆಯಿಗೆ ಇದ್ದದ್ದು ಒಂದೇ ಆಸೆ, ಹಿಮ ನೋಡಬೇಕು. “ನಮ್ಮ ಶಿವ ಅಷ್ಟು ಥಂಡ್ಯಾಗ ಹೆಂಗ ಕುಂತಾನಂತ ಒಂದ್ಸಲ ನೋಡಬೇಕವಾ” ಅಂದಳು. ನನ್ನ ಗಂಡ ಎರಡು ದಿನ ಅಂಗಡಿ ಮುಚ್ಚಿ, ಪರಿಚಯದ ಜೀಪು ಹೇಳಿದ. ಚಾಲಕ ಅಲ್ಲಿಯವನೇ, ನಲವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಘಟ್ಟದ ನೆತ್ತಿ ದಾಟಿ ಆಚೆ ಬದಿಗೆ ಇಳಿದು, ಒಂದು ಗುಡಿ ನೋಡಿಕೊಂಡು, ಮರುದಿನ ತಿರುಗಿ ಬರುವುದೆಂದು ಮಾತಾಯಿತು.

ಹೊರಡುವ ಬೆಳಿಗ್ಗೆ ಮುತ್ಯಾ ಅಂಗಳದಲ್ಲಿ ನಿಂತು ಕಂಬಳಿ ಮೂಸಿದ. “ಇವತ್ತ ಮಳಿ ಇಲ್ಲ” ಎಂದ. ಚಾಲಕನಿಗೆ ಇದನ್ನು ಹಿಂದಿಯಲ್ಲಿ ಹೇಳಿದೆ. ಅವನು ನಕ್ಕು, ಇಲ್ಲಿ ನಮಗೇ ತಿಳಿಯುವುದಿಲ್ಲ ಎಂದಷ್ಟೇ ಅಂದ.

ಅರ್ಧ ಘಟ್ಟ ಏರುವಷ್ಟರಲ್ಲಿ ಬಿಸಿಲು ಹೋಯಿತು. ಕಣಿವೆಯಿಂದ ಮಂಜು ಎದ್ದು ಬಂದು ದಾರಿಯನ್ನು ನುಂಗಿತು. ಮೊದಲು ಹನಿ, ಆಮೇಲೆ ಆಲಿಕಲ್ಲು, ನೆತ್ತಿಗೆ ಹೋಗುವಾಗ ಹಿಮವೇ ಬೀಳತೊಡಗಿತು. ಮುತ್ಯಾ ಕಿಟಕಿಯಾಚೆ ನೋಡುತ್ತಾ ಕುಳಿತಿದ್ದ. “ನಿಮ್ಮ ಕಂಬಳಿಗಿ ಇಲ್ಲಿ ಭಾಷಾ ಬರೂದಿಲ್ಲೇನ್ರಿ?” ಎಂದು ಆಯಿ ಕಾಲೆಳೆದಳು. ಅವನು ಮೊದಲ ಬಾರಿಗೆ ಸ್ವಲ್ಪ ಸಿಟ್ಟಾದ. ಆಯಿ ಮಾತ್ರ ಗಾಜು ಇಳಿಸಿ, ಅಂಗೈ ಹೊರಗೆ ಚಾಚಿ, ಬಿದ್ದ ಹಿಮವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಹಲ್ಲು ಕಟಕಟ ಎನ್ನುತ್ತಿದ್ದರೂ ನಗುತ್ತಿದ್ದಳು… ಆ ಮುಖ ಇವತ್ತಿಗೂ ನನ್ನ ಕಣ್ಣಿನಲ್ಲಿದೆ.

ಆಚೆ ಬದಿಗೆ ಇಳಿದ ಮೇಲೆ ಗುಡ್ಡ ಕುಸಿದು ದಾರಿ ಮುಚ್ಚಿತ್ತು. ಹಿಂದೆಯೂ ಮುಂದೆಯೂ. ಗುಡಿಯ ಮಾತು ಅಲ್ಲಿಗೇ ಮುಗಿಯಿತು. ದಾರಿಬದಿಯ ಒಂದು ಡೇರೆ ಹೋಟೆಲಿನಲ್ಲಿ ರಜಾಯಿ ಹೊದ್ದು ರಾತ್ರಿ ಕಳೆದೆವು.

ಮರುದಿನ ಎದ್ದರೆ ನಿನ್ನೆಯದೆಲ್ಲ ಸುಳ್ಳು ಎನ್ನುವಂಥ ಬಿಸಿಲು. ಆಗಲೇ ನಮಗೆ ಆ ಸೀಮೆ ಸರಿಯಾಗಿ ಕಂಡದ್ದು. ಒಂದು ಹಸಿರು ಕಡ್ಡಿ ಇಲ್ಲ, ಬರೀ ಕಂದು ಗುಡ್ಡ, ಕಲ್ಲು, ಧೂಳು. ಮುತ್ಯಾನ ಮುಖ ಅರಳಿತು. “ಏ, ಇದು ನಮ್ಮ ಜತ್ತ ತಾಲೂಕ ಇದ್ದಂಗ ಅದಲ್ಲ!” ಎಂದ. ಅವನು ತನ್ನ ಊರಿಗೆ ಬಂದವನಂತೆ ಕೈಕಾಲು ಸಡಿಲ ಬಿಟ್ಟು ನಡೆಯತೊಡಗಿದ. ನಮಗೂ ಎದೆ ಹಗುರಾಯಿತು.

ವಾಹನಗಳ ಸಾಲಿನಲ್ಲಿ ನಮ್ಮ ಜೀಪು ನಿಂತ ಕಡೆ ಒಂದು ಒಣ ಹಳ್ಳ ರಸ್ತೆಯನ್ನು ದಾಟುತ್ತಿತ್ತು. ದಾರಿ ಯಾವಾಗ ತೆರೆಯುತ್ತದೆ ಎಂದು ನೋಡಿ ಬರಲು ಚಾಲಕನೂ ನನ್ನ ಗಂಡನೂ ಮುಂದೆ ನಡೆದು ಹೋದರು. ಗುಡ್ಡದಿಂದ ಕಲ್ಲು ಉರುಳುತ್ತವೆ, ಅದರ ಬುಡದಲ್ಲಿ ನಿಲ್ಲಬೇಡಿ ಎಂದು ಚಾಲಕ ಹೇಳಿ ಹೋಗಿದ್ದ. ಮಧ್ಯಾಹ್ನವಾಗಿತ್ತು, ಹಸಿವಾಗಿತ್ತು. ಮುತ್ಯಾ ಸುತ್ತ ನೋಡಿ, “ಕಲ್ಲ ಬೀಳದಂಥಾ ಜಾಗಾ ಅಂದ್ರ ಹಳ್ಳನ. ಬರ್ರಿ, ಉಸುಕಿನ್ಯಾಗ ಕುಂದ್ರೂಣು” ಎಂದ.

ನಮ್ಮವರು ಯಾರಾದರೂ ಹಾಗೇ ಹೇಳುತ್ತಿದ್ದರು. ನಮ್ಮೂರಿನಲ್ಲಿ ಹಳ್ಳವೆಂದರೆ ಊಟಕ್ಕೆ ಕೂರುವ ಜಾಗ. ಮುಳ್ಳಿಲ್ಲ, ಕೊಳೆಯಿಲ್ಲ, ತಣ್ಣನೆಯ ಉಸುಕು, ದಂಡೆಯ ನೆರಳು. ಕುರಿ ಕಾಯುವವರು ಬುತ್ತಿ ಬಿಚ್ಚುವುದು ಅಲ್ಲಿಯೇ. ನೀರು ಬರುವುದು ವರ್ಷಕ್ಕೊಮ್ಮೆ, ಕೆಲವು ವರ್ಷ ಅದೂ ಇಲ್ಲ, ಅಂಥ ಹಳ್ಳಕ್ಕೆ ಯಾರು ಹೆದರುತ್ತಾರೆ? ನಾವು ಮೂವರೂ ಇಳಿದು ಕುಳಿತೆವು.

ಮುತ್ಯಾ ಕುಳಿತಲ್ಲೇ ಎರಡೂ ಕೈಯಿಂದ ಉಸುಕು ತೋಡತೊಡಗಿದ. ನಮ್ಮ ಕಡೆ ಹೀಗೆ ತೋಡಿದ ಕುಣಿಗೆ ವರ್ತಿ ಎನ್ನುತ್ತಾರೆ. ಮೊಳಕೈ ಮುಳುಗುವಷ್ಟು ತೋಡಿ, ಒಂದು ತಾಸು ಕಾದರೆ, ತಳದಲ್ಲಿ ಬೊಗಸೆ ನೀರು ಜಿನುಗುತ್ತದೆ. ಇಲ್ಲಿ ಗೇಣು ತೋಡುವುದರೊಳಗೆ ನೀರು ಬಂತು. ತೋಡುತ್ತಿರುವಂತೆಯೇ ಏರಿತು. ಕೆಸರು ಬಣ್ಣದ ನೀರು ಕುಣಿಯ ಬಾಯಿಗೆ ಬಂದು ನಿಂತಿತು. ತೊಯ್ದ ಉಸುಕಿನ ವಾಸನೆ ಎದ್ದಿತು.

“ನೋಡ ನೋಡ, ಎಷ್ಟ ಲಗೂನ ಬಂತು! ಭಾಳ ಪುಣ್ಯದ ಜಾಗಾ ಇದು” ಎಂದು ಮುತ್ಯಾ ಚಪ್ಪಾಳೆ ತಟ್ಟಿದ. ಬರದ ನಾಡಿನಲ್ಲಿ ಹುಟ್ಟಿದವನಿಗೆ ಏರುವ ನೀರು ಎಂದರೆ ಪುಣ್ಯ, ಇನ್ನೇನು? ಆಯಿಯೂ ಖುಷಿಪಟ್ಟು, ತಿಳಿಯಾಗಲಿ ಎಂದು ಚಂಬು ಹಿಡಿದು ಕುಳಿತಳು. ಚಟ್ನಿಯ ಡಬ್ಬಿ ತರಲು ನಾನು ಮೇಲೆ ಜೀಪಿನ ಕಡೆ ಹೋದೆ. “ಥಂಡಿ ಆಗ್ತದ, ಕಂಬಳಿ ತರ್ರಿ” ಎಂದು ಅವಳು ಮುತ್ಯಾನನ್ನೂ ಎಬ್ಬಿಸಿ ಕಳಿಸಿದಳು.

ಮುತ್ಯಾ ಕಂಬಳಿ ಹೆಗಲಿಗೆ ಹಾಕಿಕೊಂಡು ದಂಡೆಗೆ ಬಂದು ನಿಂತಾಗ ಮೇಲಿನ ತಿರುವಿನಲ್ಲಿ ನೀರು ಕಾಣಿಸಿತು. ಸಣ್ಣ ನೀರು, ಪಾದ ಮುಳುಗುವಷ್ಟು. ಮುಂದೆ ನೊರೆ, ಕಸಕಡ್ಡಿ. ಆಕಾಶ ಸ್ವಚ್ಛವಾಗಿತ್ತು. ನಮ್ಮೂರ ಹಳ್ಳಕ್ಕೆ ಮೊದಲ ನೀರು ಬರುವುದೂ ಥೇಟ್ ಹೀಗೆಯೇ. ಆಗ ಹೆಂಗಸರು ಓಡುವುದಿಲ್ಲ. ಎದುರು ನಿಂತು ಬರಮಾಡಿಕೊಳ್ಳುತ್ತಾರೆ. ಆಯಿ ಎದ್ದು, ಸೆರಗು ತಲೆಗೆ ಹೊದ್ದು, ಬಗ್ಗಿ, ಆ ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ದಂಡೆಯ ಮೇಲಿದ್ದ ಮುತ್ಯಾ ಕೂಡ ಎರಡೂ ಕೈ ಜೋಡಿಸಿದ.

ಆಗ ಸದ್ದು ಕೇಳಿತು, ಲಾರಿಗಳು ಸಾಲಾಗಿ ಇಳಿಯುವಾಗಿನಂಥ ಸದ್ದು. ತಿರುವಿನಿಂದ ಎರಡನೆಯ ನೀರು ಬಂತು. ಅದು ನೀರಿನ ಹಾಗಿರಲಿಲ್ಲ. ಸಿಮೆಂಟಿನ ಬಣ್ಣ, ಒಳಗೆಲ್ಲ ಬಂಡೆ. ಮೇಲೆಲ್ಲೋ ನಮಗೆ ಕಾಣದ ಕಡೆ ಮಳೆ ಸುರಿದಿತ್ತು. ನಾನು ಕಿರುಚಿದೆ. ಮುತ್ಯಾನ ಬಾಯಿ ತೆರೆದೇ ಇತ್ತು, ಸ್ವರ ಬರಲಿಲ್ಲ. ಕೈಗಳು ಇನ್ನೂ ಮುಗಿದೇ ಇದ್ದವು. ಆಯಿ ತಲೆ ಎತ್ತಿದಳು… ಅಷ್ಟೇ. ಮತ್ತೆ ಅಲ್ಲಿ ಆಯಿ ಇರಲಿಲ್ಲ, ಹಳ್ಳವೂ ಇರಲಿಲ್ಲ.

ಅವಳು ಸಿಗಲಿಲ್ಲ. ಸೈನ್ಯದವರು ಹುಡುಕಿದರು, ಊರವರು ಹುಡುಕಿದರು. ಚಾಲಕ ನೆಲದ ಮೇಲೆ ಕೂತು ಹಣೆ ಬಡಿದುಕೊಂಡ. ಹಳ್ಳದಲ್ಲಿ ಕೂರಬೇಡಿ ಎಂದು ಹೇಳುವುದು ತನಗೆ ಹೊಳೆಯಲೇ ಇಲ್ಲ, ಇಲ್ಲಿ ಸಣ್ಣ ಮಕ್ಕಳೂ ಕೂರುವುದಿಲ್ಲ ಎಂದು ಹಿಂದಿಯಲ್ಲಿ ಅದನ್ನೇ ಹೇಳುತ್ತಿದ್ದ. ಮುತ್ಯಾ ಏನೆಂದು ಕೇಳಿದ. ನಾನು ಕನ್ನಡದಲ್ಲಿ ಹೇಳಿದೆ. ಅವನು ತಲೆ ಅಲ್ಲಾಡಿಸಿದ.

ಮುತ್ಯಾನನ್ನು ಊರಿಗೆ ಕರೆತಂದ ದಿನ ಶೇಗಾಂವದಿಂದ ಅವನ ಮಗಳು ಬಂದಿದ್ದಳು. ಬಾಗಿಲಲ್ಲೇ ಅಪ್ಪನ ಎರಡೂ ತೋಳು ಹಿಡಿದು, “ಅವ್ವನ್ನ ಎಲ್ಲಿ ಬಿಟ್ಟ ಬಂದ್ಯಪಾ?” ಎಂದು ಕೇಳಿದಳು. ನನಗೂ ಆಗ ಅವನ ಮೇಲೆ ಸಿಟ್ಟಿತ್ತು. ಅವನ ಕಂಬಳಿ, ಅವನ ಲೆಕ್ಕ, ಅವನ ಪುಣ್ಯದ ಜಾಗ. ಎಷ್ಟೋ ದಿನ ಅವನ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ನಮ್ಮ ಅಂಗಡಿಯನ್ನೂ ಮುಚ್ಚಿ ನಾವು ಊರಿಗೇ ಬಂದೆವು. ಆ ಸೀಮೆಯಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಬಂದು ನೋಡಿದರೆ ಮುತ್ಯಾ ಬೇರೆ ಮನುಷ್ಯನಾಗಿದ್ದ. ಕಂಬಳಿ ಹೊದೆಯುವುದನ್ನು ಬಿಟ್ಟಿದ್ದ. ದ್ರಾಕ್ಷಿಯವರು ಅಭ್ಯಾಸದಂತೆ ಬಂದು, “ಮುತ್ಯಾ, ಮಳಿದ ಹೆಂಗರಿ?” ಎಂದರೆ, “ನನಗ ಗೊತ್ತಿಲ್ಲಪಾ” ಎನ್ನುತ್ತಿದ್ದ. ಕೆಲವರು ದುಃಖ ಆರಿದ ಮೇಲೆ ಹೇಳುತ್ತಾನೆ ಎಂದು ಕಾದರು. ಅವನು ಹೇಳಲಿಲ್ಲ.

ಅವನಿಗೆ ಹೊಸದೊಂದು ಕೆಲಸ ಹತ್ತಿತ್ತು. ಬಿಸಿಲೇರಿದರೆ ಬಡಿಗೆ ಹಿಡಿದು ಹಳ್ಳದ ದಂಡೆಗುಂಟ ನಡೆಯುತ್ತಿದ್ದ. ಬುತ್ತಿ ಬಿಚ್ಚಿ ಕೂತ ಕುರುಬರನ್ನು, ಗೋಣಿಚೀಲ ಹಾಸಿ ಮಾತಾಡುತ್ತಿದ್ದ ಹೆಂಗಸರನ್ನು, ಸಿಕ್ಕಸಿಕ್ಕವರನ್ನೆಲ್ಲ ಕೂಗಿ ಎಬ್ಬಿಸುತ್ತಿದ್ದ. “ಏಳ್ರಿ! ಏಳ್ರಿ! ನೀರ ಬರ್ತದ!” ಮಳೆ ಕಂಡು ವರ್ಷವಾದ ಹಳ್ಳ ಅದು. ಮಂದಿ ನಗುತ್ತಿದ್ದರು. ಕೆಲವರು ಪಾಪ ಎಂದು ಎದ್ದು, ಅವನು ಮುಂದೆ ಹೋದ ಮೇಲೆ ಮತ್ತೆ ಕೂರುತ್ತಿದ್ದರು. ತಲೆ ಕೆಟ್ಟಿದೆ ಎಂದವರೂ ಇದ್ದರು. ಆ ಕೂಗು ಯಾರಿಗೆಂದು ನನಗೆ ಗೊತ್ತಿತ್ತು. ಅವತ್ತು ಗಂಟಲಿನಿಂದ ಹೊರಗೆ ಬರದೇ ಹೋದದ್ದು ಈಗ ದಿನಾ ಬರುತ್ತಿತ್ತು. ಅದನ್ನು ಕೇಳುತ್ತಾ ಕೇಳುತ್ತಾ ನನ್ನ ಸಿಟ್ಟು ಕರಗಿತು. ಒಮ್ಮೆ ಅವನನ್ನು ಕೈಹಿಡಿದು ಮನೆಗೆ ಕರೆತರುತ್ತಿದ್ದಾಗ ತಾನಾಗಿಯೇ ಹೇಳಿದ: “ನಾ ಕೈ ಮುಗದೆನವಾ. ಆಕಿನ್ನ ಒಯ್ಯಾಕ ಬಂದದ್ದಕ್ಕ ಕೈ ಮುಗದೆ.” ನಾನು ಅವನ ಕೈ ಬಿಡಲಿಲ್ಲ.

ಮೂರು ಬೇಸಿಗೆ ಹೀಗೆ ನಡೆದ. ಆಮೇಲೆ ಒಂದು ಜ್ವರ ಬಂದು ಹೋಗಿಬಿಟ್ಟ…

ಇವತ್ತು ದಂಡೆಯ ಮೇಲೆ ಆ ವಾಸನೆ ಮೂಗಿಗೆ ಬಡಿದಾಗ ಕೆಳಗೆ ನೋಡಿದೆ. ಹತ್ತಾರು ಹೆಂಗಸರು ಆರತಿ ತಟ್ಟೆ, ಕಾಯಿ, ಅರಿಷಿಣ ಕುಂಕುಮ ಇಟ್ಟುಕೊಂಡು ಉಸುಕಿನ ಮೇಲೆ ಸಾಲಾಗಿ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. “ಏಳ್ರೆವ್ವಾ, ನೀರ ಬರ್ತದ!” ಎಂದು ಕೂಗಿಬಿಟ್ಟೆ. ಒಬ್ಬಳು ನಕ್ಕು, “ಬರ್ಲಿ ಅಂತನ ಕುಂತೀವಿ. ನೀನೂ ಬಾ, ಕುಂದ್ರ ಬಾ” ಎಂದಳು.

ನೀರು ಬಂತು. ಪಾದ ಮುಳುಗುವಷ್ಟು, ಮುಂದೆ ನೊರೆ, ಕಸಕಡ್ಡಿ. ಅದರ ಹಿಂದೆ ಏನೂ ಇರಲಿಲ್ಲ. ಹೆಂಗಸರು ಎದ್ದು, ಸೆರಗು ಹೊದ್ದು, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ದಂಡೆಯ ಮೇಲಿದ್ದವರೆಲ್ಲ ಕೈ ಮುಗಿದರು. “ಮುತ್ಯಾ ಇರಬೇಕಿತ್ತು ನೋಡ, ಎಷ್ಟ ಸಂತೋಷ ಪಡ್ತಿದ್ದ” ಎಂದು ನನ್ನ ಪಕ್ಕದವಳು ಕಣ್ಣೊರೆಸಿಕೊಂಡಳು.

ಇರಬಾರದಿತ್ತು ಎಂದು ನನಗನ್ನಿಸಿತು. ಇಷ್ಟು ಮಂದಿಯನ್ನು ಅವನೊಬ್ಬನೇ ಹೇಗೆ ಎಬ್ಬಿಸುತ್ತಿದ್ದ? ಬಹಳ ಹೊತ್ತು ನಾನು ಆ ತಿರುವನ್ನೇ ನೋಡುತ್ತಾ ನಿಂತಿದ್ದೆ. ಊರೆಲ್ಲ ಮುಗಿದ ಕೈ ನನಗೆ ಮುಗಿಯಲಾಗಲಿಲ್ಲ.