ಗೋಡೆ ಮೂಲೆಯ ಸಿಹಿಗುಂಬಳ

ಓಣಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ವರ್ಷಗಟ್ಟಲೆ ಕಾದ ಇಸ್ತ್ರಿ ಪೆಟ್ಟಿಗೆ ಹಿಡಿದು ಅವಳ ಅಂಗೈ ಜಡ್ಡುಗಟ್ಟಿ, ಬಿಸಿಯೂ ತಂಪೂ ಅದಕ್ಕೆ ಒಂದೇ ಆಗಿಬಿಟ್ಟಿತ್ತು. ಅದಕ್ಕೇ ಹಿತ್ತಲಲ್ಲಿ ಸಿಹಿಗುಂಬಳ ಹಾಕುವ ಮುಂಚೆ ಮಣ್ಣಿಗೆ ಮೊಣಕೈ ಊರಿ ನೋಡುತ್ತಿದ್ದಳು, ಕೂಸಿನ ಸ್ನಾನದ ನೀರು ನೋಡುವ ಹಾಗೆ. ಚಳಿ ಬಿಟ್ಟು ಮಣ್ಣು ಬೆಚ್ಚಗಾಗದಿದ್ದರೆ ಬೀಜ ಕೊಳೆತುಹೋಗುತ್ತದೆ.

ಆ ವರ್ಷ ಚಳಿ ಇನ್ನೂ ಕಚ್ಚುತ್ತಿತ್ತು. ಬಟ್ಟೆ ಹರವಲು ಹೋದವಳು ಸುಮ್ಮನೆ ಮೊಣಕೈ ಊರಿದಳು. ಹಿತ್ತಲೆಲ್ಲ ಕೊರೆಯುತ್ತಿತ್ತು. ಗೋಡೆಯ ಮೂಲೆಯಲ್ಲಿ ಮಾತ್ರ, ಯಾರೋ ಮಲಗಿ ಈಗಷ್ಟೇ ಎದ್ದುಹೋದಷ್ಟು ಜಾಗ, ಬೆಚ್ಚಗಿತ್ತು.

"ರೀ, ಸ್ವಲ್ಪ ಬನ್ನಿ ಇಲ್ಲಿ."

ಗಂಡ ಶಾಲೆಯೊಂದರ ಕಾವಲುಗಾರ. ಚಾದರ ಹೊದ್ದೇ ಬಂದು ಮುಟ್ಟಿ ನೋಡಿದ.

"ಕೆಳಗೆ ಬಿಸಿನೀರಿನ ಪೈಪು ಏನಾದ್ರೂ..."

"ನಮ್ಮನೇಲಿ ಬಿಸಿನೀರು ಒಲೆ ಮೇಲಿಂದ ಬರತ್ತೆ. ಪೈಪೆಲ್ಲಿಂದ ಬರ್ಬೇಕು?"

ಅವನು ಸೊಂಟದ ಮಟ್ಟಕ್ಕೆ ಅಗೆದ. ಆಳಕ್ಕೆ ಹೋದಷ್ಟೂ ಮಣ್ಣು ತಣ್ಣಗಿತ್ತು. ಬಿಸಿಯೆಲ್ಲ ಮೇಲಿನ ಗೇಣಿನಲ್ಲೇ. ಗುಂಡಿ ಮುಚ್ಚಿ, "ಇದರ ಸಹವಾಸ ಬೇಡ ಕಣೇ" ಎಂದ.

ಆದರೆ ಪ್ರತಿ ವರ್ಷ ಓಣಿಯಲ್ಲಿ ಎಲ್ಲರಿಗಿಂತ ಕೊನೆಗೆ ಕಾಯಿ ಬಿಡುವುದು ಅವಳ ಬಳ್ಳಿಯೇ. ಒಂದು ಸಲವಾದರೂ ಮೊದಲಾಗಬೇಕೆಂಬ ಆಸೆ ಅವಳಿಗೆ.

"ನೆಲವೇ ಬಾ ಅಂತಿದೆ, ನಾನ್ಯಾಕೆ ಬೇಡ ಅನ್ಲಿ?" ಎಂದು ಬೀಜ ಹಾಕಿಯೇಬಿಟ್ಟಳು.

ಮೊಳಕೆ ಬೇಗನೆ ಬಂತು. ಬಳ್ಳಿ ಬಿಸಿಲಿನತ್ತ ಹೋಗದೆ ಅವರು ಮಲಗುವ ಕೋಣೆಯ ಕಿಟಕಿಯತ್ತ ಹರಿಯಿತು. ತಿರುಗಿಸಿ ಕಡ್ಡಿಗೆ ಕಟ್ಟಿದರೂ ಮರುದಿನ ಅತ್ತಲೇ ಮುಖ. ಒಂದು ಜೇನ್ನೊಣವೂ ಸುಳಿಯದ ಚಳಿಯಲ್ಲಿ ಹೂ ಬಿಟ್ಟು, ಒಂದೇ ಒಂದು ಕಾಯಿ ಕಚ್ಚಿತು. ಅದು ಉಬ್ಬುತ್ತ ಉಬ್ಬುತ್ತ ಕಿಟಕಿಯ ಕೆಳಗೆ ಕೂತಿತು.

ಪಕ್ಕದ ಮನೆಯ ನರ್ಸಮ್ಮ ನೋಡಲು ಬಂದು ಕಾಯಿಯ ಮೇಲೆ ಕೈಯಿಟ್ಟಳು. ನಗುತ್ತಿದ್ದವಳು ತಟ್ಟನೆ ಕೈ ಹಿಂದೆಗೆದಳು.

"ಅಕ್ಕ, ಇದಕ್ಕೆ ಜ್ವರ."

"ತಮಾಷೆ ಮಾಡ್ಬೇಡ ಹೋಗೇ."

"ದಿನಾ ಎಷ್ಟು ಜನರ ಹಣೆ ಮುಟ್ತೀನಿ, ನಂಗೆ ಗೊತ್ತಾಗಲ್ವಾ? ನೀವೇ ನೋಡಿ."

ಅಕ್ಕ ಮೊಣಕೈ ತಾಗಿಸಿದಳು. ಸುಡುತ್ತಿತ್ತು. ನರ್ಸಮ್ಮ ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದಳು.

ಗಂಡ ಕುಡುಗೋಲು ತಂದಾಗ ಅವಳು ಅಡ್ಡ ನಿಂತಳು. "ಜ್ವರ ಬಂದು ಬಿದ್ದಿರೋದನ್ನ ಕಡೀತಾರೇನ್ರೀ?" ಹಾಗೆ ಯಾಕೆ ಅಂದೆನೆಂದು ಅವಳಿಗೇ ತಿಳಿಯಲಿಲ್ಲ. ಇಸ್ತ್ರಿ ಬಿಟ್ಟು, ಕಾಯಿಯ ಮೇಲೆ ಒದ್ದೆ ಬಟ್ಟೆ ಹಾಕುತ್ತ ಅದರ ಪಕ್ಕದಲ್ಲೇ ಕೂರತೊಡಗಿದಳು. ಹೆದರಿಕೆಯಿತ್ತು, ಎದ್ದುಹೋಗಲು ಮಾತ್ರ ಮನಸ್ಸು ಬರುತ್ತಿರಲಿಲ್ಲ.

ಚಳಿ ಬಿಟ್ಟ ದಿನ ಬೆಳಿಗ್ಗೆ ಕಾಯಿ ತಣ್ಣಗಾಗಿತ್ತು, ಬಳ್ಳಿ ಒಣಗಿ ದಾರವಾಗಿತ್ತು. ಎತ್ತಿದರೆ ಹತ್ತಿಯಷ್ಟು ಹಗುರ. ಗಂಡ ಹೋಳು ಮಾಡಿದ. ಒಳಗೆ ತಿರುಳಿಲ್ಲ, ಬೀಜವಿಲ್ಲ. ತೊಳೆದಿಟ್ಟ ಪಾತ್ರೆಯಂತೆ ಖಾಲಿ. ಆ ಮೂಲೆ ಈಗ ಕೊರೆಯುತ್ತಿತ್ತು, ಉಳಿದ ಹಿತ್ತಲೆಲ್ಲ ಹದವಾಗಿ ಬೆಚ್ಚಗಿತ್ತು. ಉಳಿದ ಬೀಜವನ್ನು ಅವಳು ಆ ಬೆಚ್ಚಗಿನ ನೆಲದಲ್ಲಿ ಹಾಕಿದಳು. ಎಂದಿನಂತೆ ಎಲ್ಲರಿಗಿಂತ ಕೊನೆಗೆ, ಎಂದಿನಂಥವೇ ಕಾಯಿ ಬಿಟ್ಟವು.

ಕಾಯಿ ಹೋಳು ಮಾಡಿದ ರಾತ್ರಿ ಅವರ ಹಾಸಿಗೆಯಲ್ಲಿ, ಯಾರೋ ಮಲಗಿ ಈಗಷ್ಟೇ ಎದ್ದುಹೋದಷ್ಟು ಜಾಗ, ಬೆಚ್ಚಗಿತ್ತು. ಅಂದಿನಿಂದ ಗಂಡಹೆಂಡಿರು ಮಲಗುವುದು ಮುಂದಿನ ಕೋಣೆಯಲ್ಲಿ. ಕಿಟಕಿಯ ಕೋಣೆಗೆ ಹೊರಗಿನಿಂದ ಚಿಲಕ ಹಾಕಿರುತ್ತಾರೆ. ಯಾಕೆಂದು ಅವರು ಯಾರಿಗೂ ಹೇಳಿಲ್ಲ.