ಸ್ಟಾರ್ಟರಿಗೆ ಸಿಕ್ಕಿಸಿದ ಕಡ್ಡಿ

ಭದ್ರಾವತಿಯ ನಮ್ಮ ಮನೆಯ ಮುಂಭಾಗದಲ್ಲೇ ಅಪ್ಪನ ಹಿಟ್ಟಿನ ಗಿರಣಿ. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು ನಿವೃತ್ತಿಯಾದ ಮೇಲೆ ಹಾಕಿದ್ದು. ಮೋಟಾರಿನ ಮೇಲೆ ಲೋಡು ಹೆಚ್ಚಾದರೆ ಸ್ಟಾರ್ಟರು ಟ್ರಿಪ್ ಆಗಿ ಎಲ್ಲವೂ ನಿಂತುಬಿಡುತ್ತಿತ್ತು. ಆಗ ನಮ್ಮ ಕಡೆಯವರೆಲ್ಲ ಮಾಡುವುದು ಒಂದೇ ಉಪಾಯ: ಒತ್ತಿದ ಹಸಿರು ಗುಂಡಿ ಮೇಲೇಳದ ಹಾಗೆ ಒಂದು ಕಡ್ಡಿ ಸಿಕ್ಕಿಸುವುದು. ಅಮ್ಮನೂ ಸಿಕ್ಕಿಸುತ್ತಿದ್ದಳು. ಅಪ್ಪ ಕಂಡರೆ ಮುಗಿಯಿತು ಕಥೆ. ಮೋಟಾರು ಸುಡದಿರಲಿ ಅಂತ ಅದು ನಿಲ್ಲುತ್ತದೆ, ನೀನು ಅದರ ಕತ್ತು ಹಿಸುಕುತ್ತೀಯಾ ಎಂದು ಗಿರಾಕಿಗಳೆದುರೇ ಕೂಗಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಕಡ್ಡಿಗೆ ಇಷ್ಟು ರಾದ್ಧಾಂತವೇ?

ಕಳೆದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಅಷ್ಟಿಷ್ಟು ಸರಿಹೋದವು, ಮಾತು ಬರಲಿಲ್ಲ. ಸುಮ್ಮನೆ ಮಾತಾಡಿಸುತ್ತಿರಿ, ಬಂದರೂ ಬಂದೀತು ಎಂದರು ಡಾಕ್ಟರು. ಅಮ್ಮ ಗಿರಣಿ ನಡೆಸುತ್ತಲೇ ತರಕಾರಿ ರೇಟಿನಿಂದ ಹಿಡಿದು ಪಕ್ಕದ ಮನೆಯ ಜಗಳದವರೆಗೆ ಎಲ್ಲವನ್ನೂ ಅವರಿಗೆ ಒಪ್ಪಿಸುತ್ತಿದ್ದಳು. ಅವರು ಗೋಡೆ ನೋಡುತ್ತಿದ್ದರು. ಶಿವಮೊಗ್ಗದಲ್ಲಿರುವ ನಾನು ಭಾನುವಾರ ಅವರನ್ನು ನೋಡಲು ಹೊರಟರೆ, ಬಸ್ಸು ಮಲವಗೊಪ್ಪ ದಾಟುವಷ್ಟರಲ್ಲಿ ಇವತ್ತಾದರೂ ನನ್ನನ್ನು ಕರೆದಾರು ಎಂಬ ಆಸೆ ಶುರುವಾಗುತ್ತಿತ್ತು.

"ಈ ಮನೇಲಿ ನನ್ ಧ್ವನಿ ಒಂದೇ ಕೇಳಿ ಕೇಳಿ ಸಾಕಾಗಿದೆ ಕಣೆ," ಎಂದು ಅಮ್ಮ ಒಮ್ಮೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಖಾರದಪುಡಿ ಮಾಡಿಸುವ ಬೇಸಿಗೆ ಬಂತು. ಅವತ್ತು ಭಾನುವಾರ, ಗಿರಣಿಯ ಮುಂದೆ ಡಬ್ಬಿಗಳ ಸಾಲು. ವೋಲ್ಟೇಜು ಕಡಿಮೆ. ಸ್ಟಾರ್ಟರು ಮೇಲಿಂದ ಮೇಲೆ ಟ್ರಿಪ್ ಆಗುತ್ತಿತ್ತು. ಜನ ಗೊಣಗಿದರು. ಅಮ್ಮ ಬಿದಿರಿನ ಕಡ್ಡಿಯೊಂದನ್ನು ತಂದು ಗುಂಡಿಗೆ ಒತ್ತಿ ಸಿಕ್ಕಿಸಿದಳು. ಇನ್ನು ಹೇಳುವವರು ಯಾರು?

ಮೋಟಾರು ತಿರುಗಿತು, ಆದರೆ ನರಳುತ್ತಾ ತಿರುಗಿತು. ಮೆಣಸಿನ ಘಾಟಿನ ನಡುವೆ ಮೋಟಾರಿನ ತಂತಿಯ ವಾರ್ನಿಶ್ ಸುಟ್ಟ ವಾಸನೆ ನನ್ನ ಮೂಗಿಗೂ ಬಡಿಯಿತು. ಬಾಗಿಲ ಬಳಿ ಕುರ್ಚಿಯಲ್ಲಿದ್ದ ಅಪ್ಪ ತಲೆಯೆತ್ತಿದರು. ಕತ್ತಿನ ನರ ಉಬ್ಬಿತು, ಬಾಯಿ ಸೊಟ್ಟಗಾಯಿತು. ಮತ್ತೆ ಪಾರ್ಶ್ವವಾಯು ಬಡಿಯಿತೇನೋ ಎಂದು ನಾನು ಅವರತ್ತ ಓಡಿದೆ.

"ಕ... ಕಡ್ಡಿ ತೆಗಿಯೇ ಮಾರಾಯ್ತಿ!"

ಅಮ್ಮ ಕಡ್ಡಿ ಕಿತ್ತೆಸೆದಳು. ಗಿರಣಿ ನಿಂತಿತು. ಸಾಲಿನಲ್ಲಿದ್ದ ಒಬ್ಬರು ನಮ್ಮ ಪುಡಿ ಯಾವಾಗ ಎಂದರು. ಇವತ್ತು ಪುಡಿಯೂ ಇಲ್ಲ, ಗಿಡಿಯೂ ಇಲ್ಲ ಎಂದು ನಾನು ಅವರ ಮೇಲೆ ಹರಿಹಾಯ್ದೆ. ನನ್ನ ಕಣ್ಣು ತುಂಬಿತ್ತು, ಅದು ಮೆಣಸಿನ ಘಾಟಿಗಲ್ಲ.

ಅಮ್ಮ ಖಾರದಪುಡಿ ಮೆತ್ತಿ ಕೆಂಪಾದ ಕೈಗಳನ್ನು ಹಾಗೇ ಹಿಡಿದುಕೊಂಡು ಅಪ್ಪನ ಕಾಲ ಬಳಿ ಕುಳಿತಳು.

"ರೀ, ಇನ್ನೊಂದ್ಸಲ ಬೈರಿ," ಎಂದಳು.

ಅಪ್ಪ ತಡವರಿಸುತ್ತಲೇ ಬೈದರು.